ಎದ್ದುಹೋಗುವ ಲೋಹ

(ಉಮರ್ಗಾದಲ್ಲಿ ಕೊಟ್ಟ ದತ್ತಿ ಉಪನ್ಯಾಸದ ಬರಹರೂಪ)



ಈ ದತ್ತಿಗೆ ಎರಡು ಶರತ್ತುಗಳಿವೆ. ದತ್ತಿ ಇಟ್ಟ ಮನೆತನದ ಹೆಸರು ಎಲ್ಲಿಯೂ ಹೇಳಬಾರದು, ಇದು ಮೊದಲನೆಯದು. ಉಪನ್ಯಾಸ ವಿಜ್ಞಾನದ್ದಾಗಿರಬೇಕು, ಕನ್ನಡದಲ್ಲಿರಬೇಕು, ಮರಾಠಿ ಸಾಲಿಯಲ್ಲಿ ಕಲಿತು ಮನೆಯಲ್ಲಷ್ಟೇ ಕನ್ನಡ ಆಡುವವರಿಗೂ ತಿಳಿಯಬೇಕು, ಇದು ಎರಡನೆಯದು. ಮೊದಲನೆಯದನ್ನು ಪಾಲಿಸುವುದು ಸುಲಭ. ಎರಡನೆಯದಕ್ಕೆ ಹೆದರಿ ನಾನು ಎರಡು ವರ್ಷ ತಪ್ಪಿಸಿಕೊಂಡು ತಿರುಗಿದೆ.

ನಾನೂ ಅಂಥ ಮನೆಯವನೇ. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ, ಪೇಟೆಯಲ್ಲಿ ದಖನಿ, ಎಂ.ಎಸ್ಸಿ.ಗೆ ಹೋದ ಮೇಲೆ ಇಂಗ್ಲಿಷ್. ನಮ್ಮ ಭಾಗದಲ್ಲಿ ಇದೇನು ದೊಡ್ಡ ಮಾತಲ್ಲ. ನಿಲಂಗಾ, ಉದಗೀರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಯವೇ. ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಮಾನಂದ ತೀರ್ಥರು ಇಲ್ಲೇ ಹತ್ತಿರದ ಹಿಪ್ಪರಗಾದ ರಾಷ್ಟ್ರೀಯ ಶಾಲೆಯಲ್ಲಿ ಮಾಸ್ತರರಾಗಿದ್ದವರು. ಇಂದು ನಿಲಂಗಾ, ಉದಗೀರದ ಹುಡುಗರ ಪದವಿಪತ್ರದ ಮೇಲೆ ಅವರ ಹೆಸರಿನ ನಾಂದೇಡ ವಿಶ್ವವಿದ್ಯಾಲಯದ ಮುದ್ರೆ ಬೀಳುತ್ತದೆ. ಇಂಥ ನೆಲದಲ್ಲಿ ರಸಾಯನಶಾಸ್ತ್ರ ಕಲಿಯುವವನಿಗೆ ಒಂದೇ ವಸ್ತುವಿಗೆ ಎರಡು ಹೆಸರು ಸಿಗುತ್ತವೆ. ನಾನು ಇವತ್ತು ಹೇಳಬೇಕಾದ ವಸ್ತುವಿಗೆ ನನ್ನ ಮರಾಠಿ ಪುಸ್ತಕದಲ್ಲಿ ‘ಉತ್ಪ್ರೇರಕ’ ಎಂದಿತ್ತು. ಕನ್ನಡ ಪುಸ್ತಕಗಳಲ್ಲಿ ಅದು ‘ವೇಗವರ್ಧಕ’, ಕೆಲವುಗಳಲ್ಲಿ ‘ಕ್ರಿಯಾವರ್ಧಕ’. ಒಂದು ಹೆಸರು ಪ್ರೇರಣೆ ಕೊಡುವವನೆಂದು ಹೇಳುತ್ತದೆ, ಇನ್ನೊಂದು ಓಡಿಸುವವನೆಂದು. ಎರಡರ ಮೇಲೂ ನನ್ನ ತಕರಾರು ಇದೆ. ತಾಮ್ರದ ಮಾತು ಬಂದಾಗ ಅದನ್ನು ಎತ್ತುತ್ತೇನೆ.

ಮೊದಲು ಈ ಸಣ್ಣ ಶೀಶೆ. ಒಳಗೆ ಅರಳೆಯ ಉಂಡೆ ಇದೆ, ಅದಕ್ಕೆ ಒಂದು ಹನಿ ಹಾಕಿದ್ದೇನೆ. ಬೂಚು ತೆಗೆದು ಮೂಸಿ, ಪಕ್ಕದವರಿಗೆ ಕೊಡಿ. ನಾನು ಮಾತು ಮುಗಿಸುವಷ್ಟರಲ್ಲಿ ಅದು ಕೊನೆಯ ಸಾಲು ಮುಟ್ಟಿ ವಾಪಸ್ ಬರಲಿ.

ನವೆಂಬರ್ ಒಂದರಂದು ಗಡಿಯ ಆಚೆಗೂ ಈಚೆಗೂ ವೇದಿಕೆ ಹತ್ತಿದ ಪ್ರತಿಯೊಬ್ಬರೂ ‘ಕನ್ನಡ ಕಸ್ತೂರಿ’ ಎನ್ನುತ್ತೇವೆ. ಅಂದವರಲ್ಲಿ ಕಸ್ತೂರಿ ಮೂಸಿದವರೆಷ್ಟು ಮಂದಿ ಎಂದು ನನಗೆ ಯಾವಾಗಲೂ ಅನುಮಾನ. ಹಿಮಾಲಯದ ಗಂಡು ಕಸ್ತೂರಿಮೃಗದ ಹೊಟ್ಟೆಯಡಿಯ ಚೀಲದಲ್ಲಿ ಸಿಗುವುದು ಸುಮಾರು 25 ಗ್ರಾಂ ಕಸ್ತೂರಿ. ಅದರೊಳಗೆ ನಿಜವಾಗಿ ಕಂಪು ಸೂಸುವ ಅಣು ನೂರಕ್ಕೆ ಒಂದೆರಡು ಪಾಲು. ಆ ಅಣುವನ್ನು 1906ರಲ್ಲಿ ವಾಲ್ಬಾಮ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಬೇರ್ಪಡಿಸಿದ. ಹೆಸರು ಮಸ್ಕೋನ್. ಈಗ ಆ ಮೃಗವನ್ನು ಕೊಲ್ಲುವುದು ಅಪರಾಧ. ಶೀಶೆಯಲ್ಲಿರುವುದು ಮನುಷ್ಯ ಕಟ್ಟಿದ ಮಸ್ಕೋನ್.

ಮಸ್ಕೋನ್ ಒಂದು ಉಂಗುರ. ಹದಿನೈದು ಇಂಗಾಲದ ಪರಮಾಣುಗಳು ಕೈ ಕೈ ಹಿಡಿದು ಸುತ್ತು ಕಟ್ಟಿವೆ, ಹದಿನಾರನೆಯದು ಹೊರಗೆ ಬಾಲದ ಹಾಗೆ ಜೋತಿದೆ. ಔಷಧದ ಅಂಗಡಿಯ ಮಾತ್ರೆಗಳಲ್ಲಿ ಬಹುಪಾಲಿಗೆ ಉಂಗುರವಿದೆ. ಪ್ಯಾರಾಸಿಟಮಾಲ್‌ನಲ್ಲಿ ಒಂದು, ಅರಿಶಿನದ ಹಳದಿಯಲ್ಲಿ ಎರಡು. ಆದರೆ ಅವುಗಳಲ್ಲಿ ಹೆಚ್ಚಿನವು ಐದು, ಆರು ಮೂಲೆಯವು. ಹದಿನೈದು ಮೂಲೆಯ ಉಂಗುರ ಇರಲು ಸಾಧ್ಯ ಎಂದು ಯಾರೂ ನಂಬಿರಲಿಲ್ಲ. ಅಡಾಲ್ಫ್ ಬೇಯರ್ 1885ರಲ್ಲಿ ಲೆಕ್ಕ ಹಾಕಿದ್ದರು: ಉಂಗುರ ಚಪ್ಪಟೆ ಎಂದುಕೊಂಡರೆ, ಐದಾರು ಮೂಲೆಗಳಾಚೆ ಬಂಧದ ಕೋನ ಎಳೆದಾಡಿ, ಉಂಗುರ ದೊಡ್ಡದಾದಷ್ಟೂ ಅದು ನಿಲ್ಲಲಾರದು. ಬೇಯರ್ ಸಾಮಾನ್ಯರಲ್ಲ, 1905ರಲ್ಲಿ ನೊಬೆಲ್ ಪಡೆದವರು. ಅವರ ಲೆಕ್ಕ ಸರಿಯೇ ಇತ್ತು, ಚಪ್ಪಟೆ ಎಂದುಕೊಂಡದ್ದು ತಪ್ಪಾಗಿತ್ತು. ದೊಡ್ಡ ಉಂಗುರ ತಟ್ಟೆಯ ಅಂಚಿನಂತೆ ಬಿಗಿದಿರುವುದಿಲ್ಲ, ನೆಲಕ್ಕೆ ಬಿದ್ದ ಬಾವಿಹಗ್ಗದಂತೆ ಮಡಿಚಿಕೊಂಡು ಆರಾಮಾಗಿರುತ್ತದೆ.

ಇದನ್ನು ತೋರಿಸಿದವರು ಲಿಯೋಪೋಲ್ಡ್ ರುಝಿಚ್ಕಾ. 1926ರಲ್ಲಿ ಅವರು ಕಸ್ತೂರಿಯಲ್ಲಿ ಹದಿನೈದರ ಉಂಗುರವಿದೆ, ಪುನುಗಿನ ಬೆಕ್ಕಿನ ಪುನುಗಿನಲ್ಲಿ ಹದಿನೇಳರ ಉಂಗುರವಿದೆ ಎಂದು ಸಾರಿದರು. ಬರೀ ಸಾರಲಿಲ್ಲ, ಕಟ್ಟಲೂ ಕೂತರು. ಎರಡೂ ತುದಿಗೆ ಆಮ್ಲವಿರುವ ಉದ್ದ ಸರಪಳಿ ತೆಗೆದುಕೊಂಡು, ಅದರ ಥೋರಿಯಂ ಲವಣ ಮಾಡಿ, ಬಿಸಿಗಿಟ್ಟರು. ಎರಡು ತುದಿಗಳನ್ನೂ ಲೋಹ ಹಿಡಿದುಕೊಂಡಿತ್ತು. ತುದಿಗಳು ಕೂಡಿದವು, ಉಂಗುರ ಬಂತು, ನೂರಕ್ಕೆ ಕೆಲವೇ ಪಾಲು. ಈ ಥೋರಿಯಂ ನಮಗೆ ಅಪರಿಚಿತವಲ್ಲ. ಕರೆಂಟು ಬರುವ ಮೊದಲು ನಮ್ಮ ಹಳ್ಳಿಯ ಮದುವೆ ಮೆರವಣಿಗೆಯಲ್ಲಿ ತಲೆಮೇಲೆ ಹೊತ್ತು ನಡೆದ ಗ್ಯಾಸ್‌ಬತ್ತಿಯ ಮ್ಯಾಂಟಲ್ ಬೆಳ್ಳಗೆ ಉರಿಯುತ್ತಿದ್ದದ್ದು ಥೋರಿಯಂ ಆಕ್ಸೈಡಿನಿಂದ.

ಅಷ್ಟು ಕಡಿಮೆ ಪಾಲು ಏಕೆ ಬಂತು? ಇದಕ್ಕೆ ಉತ್ತರ ನನಗೆ ಪುಸ್ತಕದಿಂದ ಸಿಕ್ಕಲಿಲ್ಲ, ಪಾತ್ರೆಯಿಂದ ಸಿಕ್ಕಿತು. ಹರೆಯದಲ್ಲಿ ಒಂದು ಔಷಧ ಕಾರ್ಖಾನೆಯಲ್ಲಿದ್ದೆ. ಹನ್ನೆರಡು ಮೂಲೆಯ ಉಂಗುರವೊಂದನ್ನು ಮುಚ್ಚುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಾಳೆಯ ಮೇಲೆ ಬರೆದಷ್ಟು ದ್ರಾವಕ ಹಾಕಿದರೆ ಡ್ರಮ್ಮುಗಟ್ಟಲೆ ಬೇಕು, ದುಡ್ಡು ದಂಡ ಎಂದು ನನಗೆ ನಾನೇ ಬುದ್ಧಿವಂತನಾಗಿ ಹತ್ತನೆಯ ಒಂದು ಪಾಲು ಹಾಕಿದೆ. ಸಂಜೆಗೆ ಕಲಕುವ ಕೋಲು ನಿಂತಿತು. ಪಾತ್ರೆಯಲ್ಲಿ ಡಿಂಕು. ಹೌದು, ಬಾಣಂತಿಗೆ ಉಂಡಿ ಕಟ್ಟುವಂಥ ಡಿಂಕೇ, ಆದರೆ ಅದನ್ನು ಕೆರೆದು ತೆಗೆಯಲು ನನಗೆ ಮೂರು ದಿನ ಹಿಡಿಯಿತು. ಬೀದರ ಕಡೆಯ ಹಿರಿಯ ಆಪರೇಟರ್ ಒಬ್ಬರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. “ತಮ್ಮಾ, ಸಂತ್ಯಾಗ ಕೂಸಿನ ಬಿಟ್ಟು ಅವ್ವನ ಹುಡುಕು ಅಂದ್ರ ಅದು ಯಾರದರ ಸೆರಗು ಹಿಡಿತದ” ಎಂದರು. ಅವರು ಏಳನೆಯ ಇಯತ್ತೆ ಓದಿದವರು. ಪಾಲ್ ರುಗ್ಲಿ 1912ರಲ್ಲಿ ಕಂಡುಕೊಂಡದ್ದು, ಕಾರ್ಲ್ ಝೀಗ್ಲರ್ 1930ರ ದಶಕದಲ್ಲಿ ವಿಧಾನವಾಗಿಸಿದ್ದು ಇದೇ ಮಾತು. ಉದ್ದ ಸರಪಳಿಯ ಒಂದು ತುದಿಗೆ ತನ್ನದೇ ಇನ್ನೊಂದು ತುದಿ ಸಿಗುವುದಕ್ಕಿಂತ ಪಕ್ಕದ ಸರಪಳಿಯ ತುದಿ ಸಿಗುವುದು ಸುಲಭ. ಹಾಗೆ ಒಂದಕ್ಕೊಂದು ಹೆಣೆದುಕೊಂಡು ಅಂಟು ಆಗುತ್ತದೆ. ಆದ್ದರಿಂದ ಸಂತೆ ತೆಳುವಾಗಿರಬೇಕು, ದ್ರಾವಕ ಧಾರಾಳವಾಗಿರಬೇಕು. ಇಲ್ಲವೇ ಕೂಸಿನ ಎರಡೂ ಕೈ ಹಿಡಿಯಲು ಯಾರಾದರೂ ಬೇಕು.

ಹಿಡಿಯುವವರು ಹೇಗೆ ಹಿಡಿಯುತ್ತಾರೆ ಎಂಬುದೇ ನನ್ನ ವಿಷಯ.

ಹೆದ್ದಾರಿಯ ಪಕ್ಕದ ವೆಲ್ಡಿಂಗ್ ಅಂಗಡಿಯ ಗ್ಯಾಸು ಎಲ್ಲರಿಗೂ ಗೊತ್ತು. ಕಾರ್ಬೈಡ್‌ಗೆ ನೀರು ಬಿದ್ದರೆ ಬರುವ, ಬೆಳ್ಳುಳ್ಳಿ ವಾಸನೆಯ ಆ ಗ್ಯಾಸಿನ ಹೆಸರು ಅಸಿಟಿಲೀನ್. ಎರಡು ಇಂಗಾಲ, ನಡುವೆ ಮೂರು ಬಂಧ. 1866ರಲ್ಲಿ ಫ್ರಾನ್ಸಿನ ಬರ್ತೆಲೋ ಅದನ್ನು ಕೆಂಪಗೆ ಕಾದ ಕೊಳವೆಯಲ್ಲಿ ಹಾಯಿಸಿದಾಗ ಮೂರು ಅಣು ಸೇರಿ ಆರು ಮೂಲೆಯ ಬೆಂಜೀನ್ ಸ್ವಲ್ಪ ಬಂತು, ಜತೆಗೆ ಮಸಿ, ಟಾರು, ನಾನಾ ಕಸ. ಬೆಂಕಿಗೆ ಆಯ್ಕೆ ಗೊತ್ತಿಲ್ಲ.

ಎಂಟು ಮೂಲೆಯ ಉಂಗುರದ ಕಥೆ ಇನ್ನೂ ರಂಜಕ, ಅದಕ್ಕೆ ನಮ್ಮ ಪಕ್ಕದ ಸೋಲಾಪುರ ಜಿಲ್ಲೆಯ ಬೆಳೆಯ ನಂಟೂ ಇದೆ. ಸೈಕ್ಲೋಆಕ್ಟಾಟೆಟ್ರಾಈನ್ ಎಂಬ ಈ ಉಂಗುರವನ್ನು ಮೊದಲು ಕಟ್ಟಿದವರು ರಿಚರ್ಡ್ ವಿಲ್‌ಸ್ಟೆಟರ್, 1911ರಲ್ಲಿ. ಅವರು ಹೊರಟದ್ದು ದಾಳಿಂಬೆ ಗಿಡದ ತೊಗಟೆಯಿಂದ. ಆ ತೊಗಟೆಯಲ್ಲಿ ಸಿಗುವ ಒಂದು ಕ್ಷಾರವಸ್ತುವಿನೊಳಗೆ ಎಂಟರ ಉಂಗುರ ಮೊದಲೇ ಅಡಗಿದೆ. ಹಂತಹಂತವಾಗಿ ಬೇಡದ್ದನ್ನು ಕೊಯ್ದು, ದ್ವಿಬಂಧಗಳನ್ನು ಒಂದೊಂದಾಗಿ ಕೂರಿಸಿ, ಹತ್ತಕ್ಕೂ ಹೆಚ್ಚು ಹಂತಗಳ ಕೊನೆಗೆ ಕಣ್ಣಿಗೆ ಕಾಣುವಷ್ಟು ವಸ್ತು ಉಳಿಯಿತು. ಹಲವರು ಅದನ್ನು ನಂಬಲೇ ಇಲ್ಲ. ಮುಂದೆ ಜರ್ಮನಿಯ ಲುಡ್ವಿಗ್ಸ್‌ಹಾಫೆನ್‌ನ ಕಾರ್ಖಾನೆಯಲ್ಲಿ ವಾಲ್ಟರ್ ರೆಪ್ಪೆ ಅಸಿಟಿಲೀನನ್ನು ಒತ್ತಡದಲ್ಲಿಟ್ಟು ನಿಕ್ಕೆಲ್ ಲವಣದೊಂದಿಗೆ ಸುಮಾರಾಗಿ ಬಿಸಿ ಮಾಡಿದರು. ನಾಲ್ಕು ಅಸಿಟಿಲೀನ್ ಒಟ್ಟಿಗೆ ಸೇರಿ ಎಂಟರ ಉಂಗುರ, ಒಂದೇ ಏಟಿಗೆ, ಡಬ್ಬಿಗಟ್ಟಲೆ. 1948ರಲ್ಲಿ ಅದು ಅಚ್ಚಾಯಿತು. ಅದೇ ಹೊತ್ತಿಗೆ ಅಮೆರಿಕದಲ್ಲಿ ಕೋಪ್ ಮತ್ತು ಓವರ್‌ಬರ್ಗರ್ ವಿಲ್‌ಸ್ಟೆಟರರ ದಾರಿಯನ್ನೇ ಮತ್ತೆ ನಡೆದು, ಅವರು ಹೇಳಿದ್ದು ಸರಿಯಿತ್ತೆಂದು ತೋರಿಸಿದರು. ವಿಲ್‌ಸ್ಟೆಟರ್ ತೀರಿಕೊಂಡದ್ದು 1942ರಲ್ಲಿ. (ವಿದ್ಯಾರ್ಥಿಗಳಿಗೊಂದು ಮಾತು: ಒತ್ತಡದ ಅಸಿಟಿಲೀನ್ ಬಾಂಬು. ರೆಪ್ಪೆಯ ಅರ್ಧ ಆಯುಷ್ಯ ಅದನ್ನು ಪಳಗಿಸುವುದರಲ್ಲೇ ಹೋಯಿತು. ವೆಲ್ಡಿಂಗ್ ಅಂಗಡಿಯವನ ಹತ್ತಿರ ಕೇಳಲು ಹೋಗಬೇಡಿ.)

ನಿಕ್ಕೆಲ್ ನಮಗೆ ಹೊಸದೇನಲ್ಲ, ಎಣ್ಣೆಯನ್ನು ಹೆಪ್ಪುಗಟ್ಟಿಸಿ ಡಾಲ್ಡಾ ಮಾಡಿದ್ದು ಅದೇ ಲೋಹ. ಆದರೆ ಇಲ್ಲಿ ಅದು ಮಾಡಿದ್ದೇನು? ಮುಂದೆ ಮಾಸ್ತರನಾದ ಮೇಲೆ ನನ್ನ ತರಗತಿಯಲ್ಲಿ ನಾನು ಇದನ್ನು ಬೋರ್ಡಿನ ಮೇಲೆ ಬರೆಯುವುದು ಬಿಟ್ಟು ಹುಡುಗರನ್ನು ಅಂಗಳಕ್ಕೆ ಕರೆದೊಯ್ಯುತ್ತಿದ್ದೆ. ಆಟ ಸುಲಭವಾಗಲೆಂದು ನಾಲ್ಕರ ಬದಲು ಮೂರು ಜೋಡಿ ಮಕ್ಕಳು, ಪ್ರತಿ ಜೋಡಿಯೂ ಒಂದು ಅಸಿಟಿಲೀನ್. ನಡುವೆ ಒಬ್ಬ ಅಕ್ಕ, ಆಕೆಯೇ ನಿಕ್ಕೆಲ್. ಅಕ್ಕನ ಎಡಗೈಗೆ ಒಂದು ಜೋಡಿ, ಬಲಗೈಗೆ ಇನ್ನೊಂದು. ಆ ಎರಡು ಜೋಡಿಗಳ ಆಚೆ ತುದಿಯ ಮಕ್ಕಳು ಪರಸ್ಪರ ಕೈ ಹಿಡಿಯುತ್ತಾರೆ. ಈಗ ನೋಡಿ, ಸುತ್ತು ಆಗಲೇ ಕಟ್ಟಿತು: ನಾಲ್ಕು ಮಕ್ಕಳು, ಐದನೆಯವಳು ಅಕ್ಕ. ಮೂರನೆಯ ಜೋಡಿ ಬಂದು ಅಕ್ಕನಿಗೂ ಪಕ್ಕದ ಮಗುವಿಗೂ ನಡುವೆ ತೂರಿಕೊಳ್ಳುತ್ತದೆ. ಸುತ್ತು ಏಳರದ್ದಾಯಿತು. ಆಗ ಅಕ್ಕ ತನ್ನ ಎರಡೂ ಬದಿಯ ಮಕ್ಕಳ ಕೈಗಳನ್ನು ಒಂದರಲ್ಲೊಂದು ಇಟ್ಟು, ತಾನು ಮೆಲ್ಲಗೆ ಎದ್ದು ಹೊರಗೆ ಬರುತ್ತಾಳೆ. ಉಳಿದದ್ದು ಆರರ ಉಂಗುರ. ಬೆಂಜೀನ್.

ಇಷ್ಟೇ ನಾನು ಹೇಳಲು ಬಂದದ್ದು. ಉಂಗುರ ಕಟ್ಟುವ ಲೋಹ ಬೇಲಿಯಾಚೆ ನಿಂತು ಹುರಿದುಂಬಿಸುವುದಿಲ್ಲ, ಚಾಟಿ ಬೀಸುವುದಿಲ್ಲ. ತಾನೇ ಮೊದಲು ಉಂಗುರದ ಒಂದು ಮಣಿಯಾಗಿ ಕೂಡುತ್ತದೆ. ತಾನಿರುವ ಉಂಗುರ ಮೊದಲು, ತಾನಿಲ್ಲದ ಉಂಗುರ ಆಮೇಲೆ. ಪಠ್ಯಪುಸ್ತಕಗಳು ‘ಕ್ರಿಯೆಯಲ್ಲಿ ಭಾಗವಹಿಸದೆ ಅದರ ವೇಗ ಹೆಚ್ಚಿಸುವ ವಸ್ತು’ ಎಂದು ಬರೆದು ನಾಲ್ಕು ಪೀಳಿಗೆಯ ಹುಡುಗರಿಂದ ಉರು ಹೊಡೆಸಿವೆ. ಭಾಗವಹಿಸದೆ! ಇದಕ್ಕಿಂತ ಹೆಚ್ಚು ಭಾಗವಹಿಸುವುದು ಹೇಗೆ? ಎಲ್ಲ ಲೋಹವೂ ಹೀಗೆ ಎಂದು ಮಾತ್ರ ನಾನು ಹೇಳಲಾರೆ. ಚಿನ್ನ ಸಾಮಾನ್ಯವಾಗಿ ತ್ರಿಬಂಧದ ಮೇಲೆ ಕೈಯಿಟ್ಟು ಅದನ್ನು ಮೆತ್ತಗೆ ಮಾಡುತ್ತದೆ, ಸುತ್ತಿನೊಳಗೆ ತಾನು ಕೂರುವುದಿಲ್ಲ. ಚಿನ್ನದ ಸ್ವಭಾವ ನಿಮಗೆ ಗೊತ್ತೇ ಇದೆ.

ಅಕ್ಕ ಸುತ್ತಿನಲ್ಲಿದ್ದಳು ಎನ್ನಲು ಸಾಕ್ಷಿ ಏನು ಎಂದು ಕೇಳುವ ಹುಡುಗ ಪ್ರತಿ ವರ್ಷ ಒಬ್ಬನಾದರೂ ಇರುತ್ತಿದ್ದ. ಸಾಕ್ಷಿ ಹಿಡಿದವರಲ್ಲಿ ಗುಂಟರ್ ವಿಲ್ಕೆ ಒಬ್ಬರು. ಜರ್ಮನಿಯ ಮ್ಯುಲ್‌ಹೈಮ್‌ನ ಸಂಸ್ಥೆಯಲ್ಲಿ ಅವರು ನಾಲ್ಕು ಇಂಗಾಲದ ಬ್ಯೂಟಾಡೈಈನ್ ಅಣುಗಳನ್ನು ಮೂರುಮೂರಾಗಿ ನಿಕ್ಕೆಲ್‌ನಿಂದ ಜೋಡಿಸಿ ಹನ್ನೆರಡು ಮೂಲೆಯ ಉಂಗುರ ಕಟ್ಟುತ್ತಿದ್ದರು. ಕ್ರಿಯೆಯನ್ನು ಅರ್ಧಕ್ಕೆ ತಣ್ಣಗೆ ಮಾಡಿ ನಿಲ್ಲಿಸಿದಾಗ, ಹನ್ನೆರಡು ಇಂಗಾಲದ ಸರಪಳಿ ಎರಡೂ ತುದಿಗೆ ಒಂದೇ ನಿಕ್ಕೆಲ್ಲನ್ನು ಹಿಡಿದು ಕೂತಿದ್ದ ವಸ್ತು ಕೈಗೆ ಸಿಕ್ಕಿತು. ಕಳ್ಳ ಮಾಲಿನ ಸಮೇತ. ಆ ಹನ್ನೆರಡರ ಉಂಗುರ ಪ್ರಯೋಗಶಾಲೆಯಲ್ಲೇ ಉಳಿಯಲಿಲ್ಲ, ನೈಲಾನ್-12 ಎಂಬ ಪ್ಲಾಸ್ಟಿಕ್ಕಿಗೆ ಅದೇ ಮೂಲ. ಕಾರ್ಖಾನೆಗಳಲ್ಲಿ ಈ ಕೆಲಸಕ್ಕೆ ಟೈಟೇನಿಯಮ್ಮನ್ನೂ ಬಳಸುತ್ತಾರೆ. ಸೋಲಾಪುರ–ಹೈದರಾಬಾದ್ ರಸ್ತೆಯಲ್ಲಿ ನಮ್ಮ ಊರ ಮುಂದೆ ಹಾಯುವ ಟ್ರಕ್ಕುಗಳ ಗಾಳಿ-ಬ್ರೇಕಿನ ಕೊಳವೆಗಳಿಗೆ ಈ ಪ್ಲಾಸ್ಟಿಕ್ ಬಳಕೆಯಲ್ಲಿದೆ.

ಮತ್ತೆ ಸುಗಂಧಕ್ಕೆ ಬರೋಣ. ಪುನುಗಿನ ಅಣು ಸಿವೆಟೋನ್. ಹದಿನೇಳರ ಉಂಗುರ, ಒಂದು ಕಡೆ ಆಮ್ಲಜನಕ, ಅದಕ್ಕೆ ನೇರ ಎದುರುಗಡೆ ಒಂದು ದ್ವಿಬಂಧ, ಎರಡೂ ಮಗ್ಗುಲು ಸಮ. 1980ರಲ್ಲಿ ಜಪಾನಿನ ಜಿರೋ ತ್ಸುಜಿ ಮತ್ತು ಹಾಶಿಗುಚಿ ಇದನ್ನು ಓಲಿಯಿಕ್ ಆಮ್ಲದಿಂದ ಕಟ್ಟಿದರು. ಓಲಿಯಿಕ್ ಆಮ್ಲ ಎಂದರೆ ದೂರದ ಮಾತಲ್ಲ, ನಮ್ಮ ಶೇಂಗಾ ಎಣ್ಣೆಯ ಕೊಬ್ಬಿನಲ್ಲಿ ಮುಖ್ಯ ಪಾಲು ಅದರದೇ. ಹದಿನೆಂಟು ಇಂಗಾಲದ ಆ ಸರಪಳಿಯ ನಟ್ಟನಡುವೆ ಒಂದು ದ್ವಿಬಂಧ. ಎರಡು ಸರಪಳಿಗಳನ್ನು ತಲೆಗೆ ತಲೆ ಕೂಡಿಸಿದರೆ ಆಚೆ ಈಚೆ ಎರಡು ದ್ವಿಬಂಧ. ಆಮೇಲೆ ಟಂಗ್‌ಸ್ಟನ್ ಲೋಹ ಆ ಎರಡೂ ದ್ವಿಬಂಧಗಳನ್ನು ಕತ್ತರಿಸಿ ಅದಲುಬದಲು ಜೋಡಿಸುತ್ತದೆ: ನಡುವಿನ ಭಾಗ ಸುತ್ತಿಕೊಂಡು ಉಂಗುರ, ಎರಡು ಬಾಲಗಳು ಒಂದಕ್ಕೊಂದು ಅಂಟಿ ಹೊರಕ್ಕೆ. ಶೇಂಗಾದಿಂದ ಪುನುಗು! ಫಲ ಹೆಚ್ಚು ಬರಲಿಲ್ಲ, ಆದರೆ ದಾರಿ ಕಂಡಿತು. ಅದೇ ವರ್ಷ ಫ್ರಾನ್ಸಿನ ವಿಲ್ಮ್ಯಾಂ ಕೂಡ ಇದೇ ಬಗೆಯಲ್ಲಿ ದೊಡ್ಡ ಉಂಗುರಗಳನ್ನು ಮುಚ್ಚಿದರು. ನನಗೆ ಇದರಲ್ಲಿ ಒಂದು ತಮಾಷೆ ಕಾಣುತ್ತದೆ. ರುಝಿಚ್ಕಾ ಕಾಲಕ್ಕೆ ಗ್ಯಾಸ್‌ಬತ್ತಿಯ ಥೋರಿಯಂ, ತ್ಸುಜಿ ಕಾಲಕ್ಕೆ ಬಲ್ಬಿನ ತಂತಿಯ ಟಂಗ್‌ಸ್ಟನ್. ಮನೆಯ ದೀಪ ಬದಲಾದ ಹಾಗೆ ಉಂಗುರ ಕಟ್ಟುವ ಲೋಹವೂ ಬದಲಾಗಿದೆ.

ಈ ಅದಲುಬದಲಿಗೆ ಮೆಟಾಥಿಸಿಸ್ ಎಂದು ಹೆಸರು. ಇದರೊಳಗಿನ ಗುಟ್ಟು ಬಿಡಿಸಿದವರು ಫ್ರಾನ್ಸಿನ ಇವ್ ಶೋವಾಂ, ಶಿಷ್ಯ ಎರಿಸೋನ್ ಜತೆಗೂಡಿ, 1971ರಲ್ಲಿ. ಲೋಹ ಮೊದಲೇ ಒಂದು ಇಂಗಾಲವನ್ನು ಎರಡು ಕೈಯಿಂದ ಹಿಡಿದಿರುತ್ತದೆ. ದ್ವಿಬಂಧದ ಜೋಡಿಯೊಂದು ಎದುರಾದಾಗ ನಾಲ್ವರೂ ಸೇರಿ ಚೌಕ ಕಟ್ಟುತ್ತಾರೆ: ಮೂರು ಇಂಗಾಲ, ಒಂದು ಲೋಹ. ಚೌಕ ಬಿಚ್ಚುವಾಗ ಮಾತ್ರ ಅಡ್ಡ ಬಿಚ್ಚುತ್ತದೆ, ಜೋಡಿಗಳು ಬದಲಾಗುತ್ತವೆ. 2005ರಲ್ಲಿ ಶೋವಾಂ, ರಾಬರ್ಟ್ ಗ್ರಬ್ಸ್, ರಿಚರ್ಡ್ ಶ್ರಾಕ್ ಅವರಿಗೆ ನೊಬೆಲ್ ಕೊಟ್ಟವರು ಜೋಡಿ ಬದಲಿಸುವ ಕುಣಿತದ ಹೋಲಿಕೆ ಕೊಟ್ಟರು. ಕೋಲಾಟ ನೋಡಿದ ನಮಗೆ ಹೋಲಿಕೆ ಬೇಕಿಲ್ಲ, ನೇರ ಅರ್ಥವಾಗುತ್ತದೆ. ಸರಪಳಿಯ ಎರಡು ತುದಿಗೂ ದ್ವಿಬಂಧವಿದ್ದರೆ ಲೋಹ ಮೊದಲು ಒಂದು ತುದಿ ಹಿಡಿದು, ಆಮೇಲೆ ಅದೇ ಸರಪಳಿಯ ಇನ್ನೊಂದು ತುದಿಯೊಡನೆ ಚೌಕ ಕಟ್ಟುತ್ತದೆ. ಉಂಗುರ ಮುಚ್ಚುತ್ತದೆ. ಕತ್ತರಿಸಿ ಉಳಿದ ತುಂಡುಗಳು ಎಥಿಲೀನ್ ಗ್ಯಾಸಾಗಿ ಗುಳ್ಳೆಯೆದ್ದು ಹಾರಿಹೋಗುತ್ತವೆ. ಹಾರಿಹೋದದ್ದು ವಾಪಸ್ ಬಂದು ಉಂಗುರ ಬಿಚ್ಚಲಾರದು, ಹಾಗಾಗಿ ಕ್ರಿಯೆ ಮುಂದಕ್ಕೇ ಸಾಗುತ್ತದೆ.

ಟಂಗ್‌ಸ್ಟನ್, ಇದೇ ಕೆಲಸಕ್ಕೆ ಬಳಸಿದ ಮಾಲಿಬ್ಡಿನಂ ಎರಡೂ ಬಲು ಸೂಕ್ಷ್ಮ ಪ್ರಕೃತಿಯವು. ಗಾಳಿ ತಾಗಿದರೆ, ತೇವ ತಾಗಿದರೆ ಸತ್ತವು. ಗ್ರಬ್ಸ್ 1990ರ ದಶಕದಲ್ಲಿ ರುಥೇನಿಯಂ ತಂದ ಮೇಲೆಯೇ ಇದು ಸಾಮಾನ್ಯ ಪ್ರಯೋಗಶಾಲೆಗೆ ಇಳಿದದ್ದು. ನಮ್ಮಲ್ಲಿ ಮುಂಬೈ ಐಐಟಿಯ ಸಾಂಬಶಿವರಾವ್ ಕೋಥಾ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಎ. ಶ್ರೀಕೃಷ್ಣ ಇಬ್ಬರೂ ಈ ಕ್ರಿಯೆಯನ್ನು ಕೈಯಳತೆಯ ಉಪಕರಣದ ಹಾಗೆ ಬಳಸಿದವರು. 2013ರಲ್ಲಿ ಅಮೆರಿಕದಲ್ಲಿ ಪರವಾನಗಿ ಪಡೆದ, ಹೆಪಟೈಟಿಸ್-ಸಿ ರೋಗಕ್ಕೆ ಕೊಡುತ್ತಿದ್ದ ಸಿಮೆಪ್ರೆವಿರ್‌ನ ಹದಿನಾಲ್ಕು ಮೂಲೆಯ ಉಂಗುರವನ್ನು ಮುಚ್ಚುತ್ತಿದ್ದದ್ದು ರುಥೇನಿಯಮ್ಮೇ. ಅಲ್ಲಿಯೂ ಸಂತೆ ತೆಳುವಾಗಿರಬೇಕಿತ್ತು. ನನ್ನ ಡಿಂಕಿನ ಶಾಪ ಎಲ್ಲರಿಗೂ ಇದ್ದದ್ದೇ.

ಕೋಬಾಲ್ಟಿನ ಮಾತು ಚುಟುಕಾಗಿ ಹೇಳಿಬಿಡುತ್ತೇನೆ. ಸ್ಕಾಟ್ಲೆಂಡಿನಲ್ಲಿ ಪೀಟರ್ ಪಾಸನ್ ಮತ್ತು ಇಹ್ಸಾನ್ ಖಾಂಡ್ 1970ರ ದಶಕದ ಮೊದಲಲ್ಲಿ ಕಂಡ ಕ್ರಿಯೆಯಿದು: ಒಂದು ತ್ರಿಬಂಧ, ಒಂದು ದ್ವಿಬಂಧ, ಒಂದು ಕಾರ್ಬನ್ ಮಾನಾಕ್ಸೈಡ್, ಮೂವರನ್ನೂ ಕೋಬಾಲ್ಟ್ ಕೂಡಿಸಿ ಐದು ಮೂಲೆಯ ಉಂಗುರ ಮಾಡುತ್ತದೆ. ಬೇಕಾದ ಕೋಬಾಲ್ಟ್ ವಸ್ತು ಗಾಳಿಗೆ ಕೆಡುವಂಥದು. ಹೈದರಾಬಾದ್ ವಿಶ್ವವಿದ್ಯಾಲಯದ ಎಂ. ಪೆರಿಯಸಾಮಿ ಅದನ್ನು ಕೊಂಡುತರುವ ಬದಲು ಕೋಬಾಲ್ಟ್ ಬ್ರೋಮೈಡಿಗೆ ಸತುವು ಹಾಕಿ, ಕಾರ್ಬನ್ ಮಾನಾಕ್ಸೈಡ್ ಹಾಯಿಸಿ, ಪಾತ್ರೆಯಲ್ಲೇ ಮಾಡಿಕೊಳ್ಳುವ ವಿಧಾನ ರೂಢಿಗೆ ತಂದರು. ಸತುವು ಎಂದರೆ ಬಿದರಿ ಹೂಜಿಯ ಸತುವು. ಬೀದರದ ಕಸಬುದಾರರು ಹದಿನಾರು ಪಾಲು ಅದನ್ನೇ ಹಾಕಿ ಒಂದು ಪಾಲು ತಾಮ್ರ ಬೆರೆಸುತ್ತಾರೆ.

ಈಗ ತಾಮ್ರ. ಇಲ್ಲಿ ನಮ್ಮ ರೈತರೆಲ್ಲ ಕಿವಿ ನಿಮಿರಿಸಬೇಕು, ಏಕೆಂದರೆ ವಸ್ತು ನಿಮ್ಮ ಕೊಟ್ಟಿಗೆಯಲ್ಲಿದೆ. ದ್ರಾಕ್ಷಿ ಬಳ್ಳಿಗೆ ಸುಣ್ಣದ ಜತೆ ಕಲಸಿ ಹೊಡೆಯುವ ನೀಲಿ ಹರಳು, ಕನ್ನಡದಲ್ಲಿ ಮೈಲುತುತ್ತ, ಮರಾಠಿಯಲ್ಲಿ ಮೋರಚೂದ, ಎರಡೂ ಭಾಷೆಗೆ ನವಿಲೇ ನೆನಪಾಗಿದೆ. ಮೂರು ಸಾರಜನಕ ಸಾಲಾಗಿರುವ ಅಜೈಡ್, ತ್ರಿಬಂಧವಿರುವ ಇನ್ನೊಂದು ಅಣು, ಈ ಎರಡನ್ನು ಕೂಡಿಸಿದರೆ ಐದು ಮೂಲೆಯ ಟ್ರಯಜೋಲ್ ಉಂಗುರ. ಮ್ಯೂನಿಕ್‌ನ ರಾಲ್ಫ್ ಹ್ಯೂಸ್ಗನ್ 1960ರ ದಶಕದಲ್ಲಿ ಇದನ್ನು ಆಳವಾಗಿ ಅಭ್ಯಾಸ ಮಾಡಿದ್ದರು. ತಾಸುಗಟ್ಟಲೆ ಕಾಯಿಸಬೇಕಿತ್ತು, ಮೇಲಾಗಿ ಎರಡು ಬಗೆಯ ಉಂಗುರ ಬೆರಕೆಯಾಗಿ ಬರುತ್ತಿತ್ತು. ಒಂದರಲ್ಲಿ ಬಾಲಗಳು ದೂರದೂರ, ಇನ್ನೊಂದರಲ್ಲಿ ಮಗ್ಗುಲುಮಗ್ಗುಲು. 2002ರಲ್ಲಿ ಡೆನ್ಮಾರ್ಕಿನ ಮಾರ್ಟನ್ ಮೆಲ್ಡಾಲ್, ಅಮೆರಿಕದ ಬ್ಯಾರಿ ಶಾರ್ಪ್‌ಲೆಸ್ ಬೇರೆಬೇರೆಯಾಗಿ ತಾಮ್ರ ಹಾಕಿ ನೋಡಿದರು. ಮೈಲುತುತ್ತದ ಚಿಟಿಕೆ, ಅದನ್ನು ಬೇಕಾದ ಸ್ಥಿತಿಗಿಳಿಸಲು ವಿಟಮಿನ್-ಸಿಯ ಸೋಡಿಯಂ ಲವಣ, ನೀರು ಬೆರೆತ ದ್ರಾವಕ, ಕೋಣೆಯ ಬಿಸಿ. ಬಾಲಗಳು ದೂರವಿರುವ ಉಂಗುರ ಒಂದೇ ಬಂತು. ಇಬ್ಬರಿಗೂ ಕ್ಯಾರಲಿನ್ ಬರ್ಟೋಜ್ಜಿ ಜತೆ 2022ರ ನೊಬೆಲ್ ಸಿಕ್ಕಿತು.

ಇಲ್ಲಿಯೂ ತಾಮ್ರ ಅಕ್ಕನ ಕೆಲಸವನ್ನೇ ಮಾಡುತ್ತದೆ. ಮೊದಲು ಆರು ಮೂಲೆಯ ಉಂಗುರ, ಆರನೆಯ ಮೂಲೆ ತಾಮ್ರ. ಅದು ಐದಕ್ಕೆ ಕುಗ್ಗುವಾಗ ತಾಮ್ರ ಹೊರಮೈಗೆ ಸರಿಯುತ್ತದೆ, ಕೊನೆಗೆ ಜಲಜನಕಕ್ಕೆ ಜಾಗ ಬಿಟ್ಟು ಹೋಗುತ್ತದೆ. ಒಂದಲ್ಲ, ಎರಡು ತಾಮ್ರಗಳು ಸೇರಿ ಈ ಕೆಲಸ ಮಾಡುತ್ತವೆಂದು 2013ರಲ್ಲಿ ಗೊತ್ತಾಯಿತು.

ಈಗ ನನ್ನ ತಕರಾರು. ಅದೇ ಎರಡು ಅಣುಗಳಿಗೆ ತಾಮ್ರದ ಬದಲು ರುಥೇನಿಯಂ ಹಾಕಿದರೆ ಬಾಲಗಳು ಮಗ್ಗುಲಾಗಿರುವ ಇನ್ನೊಂದು ಉಂಗುರ ಬರುತ್ತದೆ. 2005ರಲ್ಲಿ ಇದು ಸಾಬೀತಾಯಿತು. ಎಂದಮೇಲೆ ಲೋಹ ವೇಗ ಹೆಚ್ಚಿಸಿತು ಎನ್ನುವುದು ಅರ್ಧ ಮಾತು. ಗಾಡಿ ಜೋರಾಗಿ ಓಡಿತು ಎಂದರೆ ಸಾಕೆ? ನಿಲಂಗಾಕ್ಕೆ ಹೋಯಿತೋ ಆಳಂದಕ್ಕೆ ಹೋಯಿತೋ ಹೇಳಬೇಡವೇ? ‘ವೇಗವರ್ಧಕ’ ಎನ್ನುವ ಶಬ್ದ ದಾರಿಯ ಮಾತನ್ನೇ ಎತ್ತುವುದಿಲ್ಲ. ‘ಉತ್ಪ್ರೇರಕ’ ಹೊರಗಿನಿಂದ ಕೂಗುವವನಂತೆ ಕೇಳುತ್ತದೆ. ‘ಕ್ರಿಯಾವರ್ಧಕ’ ಇದ್ದುದರಲ್ಲಿ ವಾಸಿ, ಆದರೆ ಅದರಲ್ಲೂ ಲೋಹ ಹೊರಗೇ ಉಳಿಯಿತು. ಹೊಸ ಶಬ್ದ ಟಂಕಿಸುವ ಚಟ ನನಗಿಲ್ಲ. ತರಗತಿಯಲ್ಲಿ ನಾನು ‘ಕೂಡಿ ಬಿಡುವುದು’ ಎನ್ನುತ್ತಿದ್ದೆ, ಪರೀಕ್ಷೆಯಲ್ಲಿ ಹಾಗೆ ಬರೆದವರಿಗೆ ಅಂಕ ಹೋದವು.

ಬರ್ಟೋಜ್ಜಿ ಅವರ ಮಾತೂ ಸೇರಿಸಬೇಕು. ಜೀವಕೋಶದೊಳಗೆ ಈ ಉಂಗುರ ಕಟ್ಟಬೇಕೆಂದರೆ ತಾಮ್ರ ಕೋಶಕ್ಕೆ ವಿಷ. ಅವರು ತ್ರಿಬಂಧವನ್ನು ಎಂಟು ಮೂಲೆಯ ಉಂಗುರದೊಳಗೆ ಬಿಗಿದು ಕೂರಿಸಿದರು. ನೇರ ನಿಲ್ಲಬೇಕಾದ ತ್ರಿಬಂಧ ಬಾಗಿ, ಬಿಲ್ಲಿನಂತೆ ಸೆಟೆದು, ಅಜೈಡ್ ಸಿಕ್ಕ ಕೂಡಲೇ ಕೂಡಿಕೊಂಡಿತು. ಲೋಹವೇ ಬೇಕಾಗಲಿಲ್ಲ.

ಎದ್ದುಹೋಗದ ಲೋಹವೂ ಉಂಟು. 2016ರ ಬೇಸಿಗೆಯಲ್ಲಿ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ನೀರು ಬಂದದ್ದು ನಿಮಗೆಲ್ಲ ನೆನಪಿದೆ. ಓಣಿಓಣಿಯಲ್ಲಿ ಸಾಲುಗಟ್ಟಿ ಕಾದದ್ದು ನೀಲಿ ಡ್ರಮ್ಮುಗಳು. ಪ್ಲಾಸ್ಟಿಕ್ಕಿಗೆ, ಗೋಡೆಯ ಬಣ್ಣಕ್ಕೆ, ಅಚ್ಚಿನ ಶಾಯಿಗೆ ಅಂಥ ನೀಲಿ ಕೊಡುವ ವಸ್ತುಗಳಲ್ಲಿ ದೊಡ್ಡಣ್ಣ ತಾಮ್ರದ ಥ್ಯಾಲೋಸಯನಿನ್. ಇದರ ಸೋದರ ಸಿಕ್ಕದ್ದು 1928ರಲ್ಲಿ, ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್‌ನ ಬಣ್ಣದ ಕಾರ್ಖಾನೆಯಲ್ಲಿ. ಬಿಳಿ ವಸ್ತು ಕುದಿಯುತ್ತಿದ್ದ ಪಾತ್ರೆಯ ಒಳಮೈಯ ಎನಾಮಲ್ ಸೀಳಿತ್ತು, ಹಿಂದಿನ ಕಬ್ಬಿಣ ತಾಗಿದಲ್ಲಿ ನೀಲಿ-ಹಸಿರು ಕಲೆ ಬಿತ್ತು. ತೊಳೆದು ಎಸೆಯದೆ ಏನಿದು ಎಂದು ನೋಡಿದವರಿದ್ದರು. ಲಿನ್‌ಸ್ಟೆಡ್ 1934ರಲ್ಲಿ ಅದರ ರಚನೆ ಬಿಡಿಸಿದರು: ನಾಲ್ಕು ಅಣುಗಳು ಒಂದು ಲೋಹದ ಸುತ್ತ ನೆರೆದು, ಒಳಗೆ ಹದಿನಾರು ಮೂಲೆಯ ಉಂಗುರ ಕಟ್ಟಿವೆ. ಕಬ್ಬಿಣದ ಜಾಗದಲ್ಲಿ ತಾಮ್ರವಿದ್ದರೆ ನೀಲಿ ಇನ್ನೂ ಶುದ್ಧ. ಇಲ್ಲಿ ಲೋಹ ಸುತ್ತಿನ ನಡುವೆ ಕೂತಿದೆ, ಅಲ್ಲಿಂದ ಏಳುವುದಿಲ್ಲ. ಗಂಧಕಾಮ್ಲದಲ್ಲಿ ಕರಗಿಸಿ ನೀರಿಗೆ ಸುರಿದರೂ ತಾಮ್ರ ಸಮೇತ ಹಾಗೇ ಮರಳಿ ಬರುತ್ತದೆ. ಆದ್ದರಿಂದಲೇ ನಮ್ಮ ಬಿಸಿಲಿನಲ್ಲಿಯೂ ಆ ಬಣ್ಣ ವರ್ಷಗಟ್ಟಲೆ ನಿಲ್ಲುತ್ತದೆ. ಆದರೆ ಅಲ್ಲಿ ಒಂದು ಉಂಗುರಕ್ಕೆ ಒಂದು ತಾಮ್ರ ಖರ್ಚು. ಎದ್ದುಹೋಗುವ ಅಕ್ಕನಾದರೆ ನೂರು ಸುತ್ತು, ಸಾವಿರ ಸುತ್ತು ಕಟ್ಟಿ ಬರುತ್ತಾಳೆ.

“ಸರ, ಅಕ್ಕ ಎದ್ದು ಎಲ್ಲಿ ಹೋಗ್ತಾಳ್ರಿ?” ಎಂದು ಒಬ್ಬ ಹುಡುಗಿ ಕೇಳಿದ್ದಳು. ಮುಂದಿನ ಸುತ್ತಿಗೆ ಎಂದು ನಾನು ಹೇಳಿದೆ. ಅದು ಪೂರ್ತಿ ಉತ್ತರವಲ್ಲ. ಕೆಲಸ ಮಾಡಿ ಮಾಡಿ ಲೋಹ ಸಾಯುತ್ತದೆ, ಕರಿ ಪುಡಿಯಾಗಿ ತಳಕ್ಕೆ ಕೂರುತ್ತದೆ, ಸ್ವಲ್ಪ ಕಣ್ಣಿಗೆ ಕಾಣದೆ ಮಾಲಿನಲ್ಲೇ ಉಳಿಯುತ್ತದೆ. ಔಷಧಗಳ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಬಾಯಿಂದ ತೆಗೆದುಕೊಳ್ಳುವ ಮದ್ದಿನ ಮೂಲಕ ಒಬ್ಬರ ಹೊಟ್ಟೆಗೆ ದಿನಕ್ಕೆ 100 ಮೈಕ್ರೋಗ್ರಾಮಿಗಿಂತ ಹೆಚ್ಚು ರುಥೇನಿಯಂ ಹೋಗಕೂಡದು, ಕೋಬಾಲ್ಟಿಗೆ 50, ತಾಮ್ರಕ್ಕೆ 3000. ಕಾರ್ಖಾನೆಯಲ್ಲಿ ಉಂಗುರ ಮುಚ್ಚುವುದಕ್ಕೆ ಒಂದು ರಾತ್ರಿ, ಲೋಹ ತೆಗೆಯುವುದಕ್ಕೆ ನಾಲ್ಕು ದಿನ. ಇದ್ದಿಲಿನಲ್ಲಿ ಸೋಸು, ತೊಳೆ, ಮತ್ತೆ ಸೋಸು, ಸ್ಯಾಂಪಲ್ ಕಳಿಸು, ಕಾಯಿ. ನನ್ನ ಕಾರ್ಖಾನೆಯ ವರ್ಷಗಳಲ್ಲಿ ಹೆಚ್ಚಿನ ಹೊತ್ತು ಹೋದದ್ದು ಅಲ್ಲಿಯೇ.

ಶೀಶೆ ವಾಪಸ್ ಬಂದಿದೆ. ಮೂರನೆಯ ಸಾಲಿನ ಅಣ್ಣನವರು ಕೈ ಎತ್ತಿ “ನನಗೇನೂ ಬಡೀಲಿಲ್ಲರಿ, ಬರೀ ಅರಳಿ ಅದ” ಎನ್ನುತ್ತಿದ್ದಾರೆ. ಅವರ ಮೂಗು ಕೆಟ್ಟಿಲ್ಲ. ಮಲ್ಲಿಗೆ, ಮಣ್ಣು, ಮಸಾಲೆ ಎಲ್ಲ ಚೆನ್ನಾಗಿ ತಿಳಿಯುವ ಕೆಲವರಿಗೆ ಇಂಥ ದೊಡ್ಡ ಉಂಗುರಗಳ ವಾಸನೆ ಮಾತ್ರ ಹುಟ್ಟಿನಿಂದಲೇ ತಿಳಿಯುವುದಿಲ್ಲ. ಅವರ ಪಕ್ಕದ ಅಕ್ಕನವರು ಶೀಶೆ ಇನ್ನೊಮ್ಮೆ ಬೇಕೆಂದು ಕೇಳುತ್ತಿದ್ದಾರೆ. ಕೊಡಿ. ಬೂಚು ಮಾತ್ರ ಬಿಗಿಯಾಗಿ ಹಾಕಿ, ಇದನ್ನು ನಾಳೆ ಉದಗೀರದ ಹುಡುಗರಿಗೂ ತೋರಿಸಬೇಕು.